ಹೆಸರು ಸರಿ, ಪ್ಯಾನ್ ಸರಿ, ಬೀಗದ ಗುರುತೂ ಇದೆ. ಮತ್ತೆ ಆ ರಿಫಂಡ್ ಮೇಲ್ ನಕಲಿ ಹೇಗೆ?

ಪ್ರಶ್ನೆ: ನನ್ನ ತಂದೆ ನಿವೃತ್ತ ಪ್ರೌಢಶಾಲಾ ಶಿಕ್ಷಕರು, ವಯಸ್ಸು 68. ಅವರು ಹಾಸನದಲ್ಲಿ, ನಾನು ಬೆಂಗಳೂರಿನಲ್ಲಿ. ಜುಲೈ ಕೊನೆಯಲ್ಲಿ ಅವರ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದ್ದೆವು, ಸುಮಾರು ₹11,000 ರಿಫಂಡ್ ಬರಬೇಕು. ಮೊನ್ನೆ ಇಲಾಖೆಯ ಹೆಸರಿನಲ್ಲಿ ಅವರಿಗೊಂದು ಇಮೇಲ್ ಬಂತು. ₹18,460 ರಿಫಂಡ್ ಮಂಜೂರಾಗಿದೆ, ಬ್ಯಾಂಕ್ ಖಾತೆಯ ದೃಢೀಕರಣ ವಿಫಲವಾಗಿದೆ, 48 ಗಂಟೆಯೊಳಗೆ ಸರಿಪಡಿಸಿ ಎಂದಿತ್ತು. ಹೆಸರು ಸರಿಯಾಗಿತ್ತು. ಪ್ಯಾನ್ ಜಾಗದಲ್ಲಿ ಮೂರು ಎಕ್ಸ್, ಆಮೇಲೆ ಪಿ ಮತ್ತು ಕೆ, ಮುಂದೆ ಮತ್ತೆ ಎಕ್ಸ್‌ಗಳಿದ್ದವು. ಅಪ್ಪನ ಪ್ಯಾನ್‌ನಲ್ಲೂ ಆ ಜಾಗದಲ್ಲಿ ಅವೇ ಅಕ್ಷರಗಳಿವೆ. ಲಿಂಕ್ ಒತ್ತಿದಾಗ ಇಲಾಖೆಯ ಪುಟದಂಥದ್ದೇ ತೆರೆಯಿತು, ಬೀಗದ ಗುರುತೂ ಇತ್ತು. ಪ್ಯಾನ್, ಹುಟ್ಟಿದ ದಿನಾಂಕ, ಮೊಬೈಲ್ ನಂಬರ್ ಕೊಟ್ಟು, ಬ್ಯಾಂಕ್ ಆಯ್ಕೆ ಮಾಡಿ, ನೆಟ್‌ಬ್ಯಾಂಕಿಂಗ್ ಯೂಸರ್ ಐಡಿ ಮತ್ತು ಪಾಸ್‌ವರ್ಡ್ ಹಾಕಿದ್ದಾರೆ. ಒಟಿಪಿ ಬಂದಾಗ ಅನುಮಾನವಾಗಿ ಮುಚ್ಚಿಬಿಟ್ಟರಂತೆ. ಹಣ ಹೋಗಿಲ್ಲ. ಒಟಿಪಿ ಕೊಟ್ಟಿಲ್ಲವಲ್ಲ, ಇನ್ನು ಭಯವಿಲ್ಲವೇ? ಖಾತೆ ಮುಚ್ಚಬೇಕೇ, ಫೋನ್ ಬದಲಿಸಬೇಕೇ? ಅಪ್ಪ ಈಗ ನೆಟ್‌ಬ್ಯಾಂಕಿಂಗೇ ಬೇಡ ಎನ್ನುತ್ತಿದ್ದಾರೆ. ಇಂಥ ಮೇಲ್‌ಗಳನ್ನು ಗುರುತಿಸುವುದು ಹೇಗೆ?

ಉತ್ತರ: ವಿವರಣೆ ಆಮೇಲೆ. ತಂದೆಯವರ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಇನ್ನೂ ಬದಲಾಯಿಸಿಲ್ಲ ಎಂದಾದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಅದನ್ನು ಮುಗಿಸಿ ಬನ್ನಿ. ಬ್ಯಾಂಕಿನ ಆ್ಯಪ್ ಮೂಲಕ ಮಾಡಿ, ಇಲ್ಲವೇ ಬ್ಯಾಂಕಿನ ವಿಳಾಸವನ್ನು ಕೈಯಾರೆ ಟೈಪ್ ಮಾಡಿ. ಗೂಗಲ್‌ನಲ್ಲಿ ಬ್ಯಾಂಕಿನ ಹೆಸರು ಹುಡುಕಿ ಮೊದಲು ಕಂಡ ಲಿಂಕ್ ಒತ್ತಬೇಡಿ. ಅಲ್ಲಿ ಜಾಹೀರಾತಿನ ವೇಷದಲ್ಲಿ ನಕಲಿ ತಾಣ ಕೂತಿರುವುದುಂಟು. ಕಸ್ಟಮರ್ ಕೇರ್ ನಂಬರ್ ಡೆಬಿಟ್ ಕಾರ್ಡಿನ ಹಿಂಬದಿಯಲ್ಲೇ ಇರುತ್ತದೆ.

ಈಗ ಒಟಿಪಿ ವಿಷಯ. ಕೊಡದೇ ಇದ್ದದ್ದು ದೊಡ್ಡ ಉಪಕಾರ, ಅನುಮಾನವಿಲ್ಲ. ಆದರೆ ಅಲ್ಲಿಗೆ ಕಥೆ ಮುಗಿದಿಲ್ಲ. ಆ ಎಸ್‌ಎಂಎಸ್ ತಂದೆಯವರ ಫೋನ್‌ನಲ್ಲಿ ಇನ್ನೂ ಇರುತ್ತದೆ, ತೆಗೆದು ಪೂರ್ತಿ ಓದಿ. ಆರು ಅಂಕಿಗಳನ್ನಷ್ಟೇ ನೋಡಿ ಉಳಿದದ್ದನ್ನು ಬಿಡುವುದು ಎಲ್ಲರ ಅಭ್ಯಾಸ. ಆ ಒಟಿಪಿ ಯಾವುದಕ್ಕೆ ಎಂಬುದನ್ನು ಬ್ಯಾಂಕ್ ಅದೇ ಸಂದೇಶದಲ್ಲಿ ಬರೆದಿರುತ್ತದೆ. ಲಾಗಿನ್‌ಗೆ ಎಂದಿದ್ದರೆ ಕಳ್ಳ ಬಾಗಿಲಲ್ಲೇ ನಿಂತ. ಹೊಸ ಬೆನಿಫಿಶಿಯರಿ, ಅಂದರೆ ಹಣ ಕಳಿಸಬೇಕಾದ ಖಾತೆ, ಸೇರಿಸಲು ಎಂದಿದ್ದರೆ ಅವನು ಆಗಲೇ ಖಾತೆಯೊಳಗಿದ್ದ ಎಂದರ್ಥ. ಪಾಸ್‌ವರ್ಡ್ ಬದಲಾವಣೆಗೆ ಎಂದಿದ್ದರೆ ನಿಮ್ಮವರನ್ನು ಹೊರಗೆ ಹಾಕಿ ಒಳಗಿಂದ ಚಿಲಕ ಹಾಕಿಕೊಳ್ಳಲು ಹೊರಟಿದ್ದ. ಇದನ್ನು ತಿಳಿದರೆ ಬ್ಯಾಂಕಿನವರಿಗೆ ಏನು ಹೇಳಬೇಕೆಂಬುದೂ ನಿಮಗೆ ಸ್ಪಷ್ಟವಾಗುತ್ತದೆ.

ಬರೀ ಯೂಸರ್ ಐಡಿ, ಪಾಸ್‌ವರ್ಡ್ ಇಟ್ಟುಕೊಂಡು ಅವರೇನು ಮಾಡಿಯಾರು? ಲಾಗಿನ್‌ಗೆ ಒಟಿಪಿ ಕೇಳದ ವ್ಯವಸ್ಥೆಯಾದರೆ ಬ್ಯಾಲೆನ್ಸ್, ಪಿಂಚಣಿ ಬಂದ ದಿನ, ಫಿಕ್ಸೆಡ್ ಡೆಪಾಸಿಟ್ ಎಲ್ಲವನ್ನೂ ನೋಡಬಹುದು. ಎರಡನೇ ಅಂಕ ಶುರುವಾಗುವುದು ಇಲ್ಲೇ. ಎರಡು ದಿನ ಬಿಟ್ಟು ಫೋನ್ ಬರುತ್ತದೆ: "ಸರ್, ನಿಮ್ಮ ಬ್ರಾಂಚಿನಿಂದ ಮಾತಾಡ್ತಿದ್ದೀವಿ. ಒಂದನೇ ತಾರೀಖು ನಿಮಗೆ ಇಷ್ಟು ಪೆನ್ಷನ್ ಬಂದಿದೆ, ಮೂರನೇ ತಾರೀಖು ಕರೆಂಟ್ ಬಿಲ್ ಕಟ್ಟಿದ್ದೀರಿ, ಸರಿ ತಾನೆ? ನಿಮ್ಮ ಖಾತೆಗೆ ಯಾರೋ ನುಗ್ಗೋಕೆ ನೋಡಿದ್ದಾರೆ, ಬ್ಲಾಕ್ ಮಾಡ್ತೀವಿ, ಈಗ ಬಂದ ನಂಬರ್ ಹೇಳಿ." ಲೆಕ್ಕ ಪೈಸೆಪೈಸೆಯೂ ಸರಿಯಿರುವುದರಿಂದ, ಇಮೇಲ್‌ಗೆ ಅನುಮಾನಪಟ್ಟ ಮನುಷ್ಯರೂ ಈ ಫೋನಿಗೆ ಒಟಿಪಿ ಹೇಳಿಬಿಡುತ್ತಾರೆ. ನಿಮ್ಮ ತಂದೆಯವರಿಗೆ ಈ ಮಾತುಕತೆಯನ್ನು ಹೀಗೇ ಓದಿ ಹೇಳಿ. ಮುಂದಿನ ಕೆಲವು ವಾರ ಬ್ಯಾಂಕಿನ ಹೆಸರಿನಲ್ಲಿ ಯಾರೇ ಕರೆದರೂ "ನಾನೇ ಬ್ರಾಂಚಿಗೆ ಬರ್ತೀನಿ" ಎಂದು ಇಟ್ಟುಬಿಡಲಿ.

ಪಾಸ್‌ವರ್ಡ್ ಬದಲಾಯಿಸಿದ ಮೇಲೆ ಒಳಗೆ ಹೋಗಿ ನಾಲ್ಕು ಜಾಗ ನೋಡಿ. ಬೆನಿಫಿಶಿಯರಿ ಪಟ್ಟಿಯಲ್ಲಿ ಗುರುತಿಲ್ಲದ ಹೆಸರಿದೆಯೇ? ನೋಂದಾಯಿತ ಮೊಬೈಲ್ ಮತ್ತು ಇಮೇಲ್ ನಿಮ್ಮದೇ ಇದೆಯೇ? ದಿನದ ವರ್ಗಾವಣೆ ಮಿತಿ ಏರಿದೆಯೇ? ನಾಲ್ಕನೆಯದು ಜನ ಮರೆಯುವ ಜಾಗ: ಎಫ್‌ಡಿ ಮೇಲೆ ಆನ್‌ಲೈನ್ ಸಾಲವೋ ಓವರ್‌ಡ್ರಾಫ್ಟೋ ತೆರೆದಿದೆಯೇ? ಉಳಿತಾಯ ಖಾತೆಯಲ್ಲಿ ಹತ್ತು ಸಾವಿರ ಮಾತ್ರ ಇದೆ ಎಂದು ನೆಮ್ಮದಿಯಾಗಿರುವವರ ಎಫ್‌ಡಿಯನ್ನೇ ಅಡವಿಟ್ಟು ಹಣ ಎತ್ತುವುದುಂಟು.

ಹಣ ಹೋಗಿಲ್ಲವಲ್ಲ, ಬ್ಯಾಂಕಿಗೆ ಯಾಕೆ ಹೇಳಬೇಕು ಎಂದು ನೀವು ಕೇಳಬಹುದು. ಹೇಳಲೇಬೇಕು, ಅದೂ ಬರಹದಲ್ಲಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕರೇ ಪಾಸ್‌ವರ್ಡ್ ಹಂಚಿಕೊಂಡಂಥ ನಿರ್ಲಕ್ಷ್ಯದಿಂದ ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದು, ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದ್ದು. ನಿಮ್ಮ ಪ್ರಕರಣದಲ್ಲಿ ಆ ಗೆರೆ ಎಲ್ಲಿ ಬೀಳಬೇಕೆಂಬುದು ನಿಮ್ಮ ಕೈಯಲ್ಲೇ ಇದೆ. ಇವತ್ತೇ ಇಮೇಲ್ ಅಥವಾ ಆ್ಯಪ್ ಮೂಲಕ ದೂರು ದಾಖಲಿಸಿ, ದೂರಿನ ಸಂಖ್ಯೆ ಪಡೆಯಿರಿ. ಬ್ರಾಂಚಿನಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದದ್ದಕ್ಕೆ ಆಮೇಲೆ ಸಾಕ್ಷಿ ಇರುವುದಿಲ್ಲ. ಇದೇ ಸುತ್ತೋಲೆಯಲ್ಲಿರುವ 'ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಪೂರ್ತಿ ಹಣ ವಾಪಸ್' ಎಂಬುದು ತುಂಬಾ ಜನ ತಪ್ಪು ತಿಳಿದಿರುವ ಮಾತು. ಅದು ಬ್ಯಾಂಕಿನದೂ ಅಲ್ಲದ, ಗ್ರಾಹಕರದೂ ಅಲ್ಲದ, ಮೂರನೆಯವರ ಕಡೆಯ ಲೋಪಕ್ಕೆ ಅನ್ವಯಿಸುವುದು. ತಾನೇ ಒಟಿಪಿ ಕೊಟ್ಟವರು ಅದನ್ನು ನಂಬಿ ಕೂರುವಂತಿಲ್ಲ.

ಹಣ ಹೋದರೆ ಮಾತ್ರ ಒಂದು ನಿಮಿಷವೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಹಣ, ಎಷ್ಟು ಹೊತ್ತಿಗೆ, ಯಾವ ಬ್ಯಾಂಕಿನಿಂದ, ವಹಿವಾಟಿನ ಯುಟಿಆರ್ ಸಂಖ್ಯೆ (ಪ್ರತಿ ವರ್ಗಾವಣೆಗೂ ಬ್ಯಾಂಕ್ ಕೊಡುವ ಗುರುತು ಸಂಖ್ಯೆ) ಏನು, ಇಷ್ಟು ಕೈಯಲ್ಲಿರಲಿ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಕೊನೆಗೆ ಎಟಿಎಂನಲ್ಲಿ ನಗದಾಗಿಬಿಡುತ್ತದೆ. ಅಷ್ಟರೊಳಗೆ ತಡೆದರಷ್ಟೇ ಸಿಗುವುದು.

ಇನ್ನು, ನಿಮ್ಮನ್ನು ಹೆಚ್ಚು ಕಾಡಿದ ಪ್ರಶ್ನೆ: ಪ್ಯಾನ್ ಅವರಿಗೆ ಹೇಗೆ ಗೊತ್ತು? ಗೊತ್ತಿರಲೇಬೇಕೆಂದಿಲ್ಲ. ಹತ್ತು ಅಕ್ಷರಗಳ ಪ್ಯಾನ್‌ನಲ್ಲಿ ನಾಲ್ಕನೆಯದು ಖಾತೆದಾರರ ಬಗೆ. ವ್ಯಕ್ತಿಗಳಾದರೆ ಎಲ್ಲರಿಗೂ ಪಿ. ಐದನೆಯದು ಸರ್‌ನೇಮ್‌ನ ಮೊದಲ ಅಕ್ಷರ. ತಂದೆಯವರ ಸರ್‌ನೇಮ್ ಕೆ ಅಕ್ಷರದಿಂದ ಶುರುವಾಗುತ್ತಿರಬೇಕು. ಇಮೇಲ್ ಐಡಿಯಲ್ಲೇ ಪೂರ್ತಿ ಹೆಸರಿದ್ದರೆ ಯಾರು ಬೇಕಾದರೂ 'ಎಕ್ಸ್ ಎಕ್ಸ್ ಎಕ್ಸ್ ಪಿ ಕೆ' ಎಂದು ಬರೆದು ಕಳಿಸಬಹುದು. ನೋಡಿದವರು ಮಾತ್ರ ತಮ್ಮ ಕಾರ್ಡಿನ ಜೊತೆ ಹೋಲಿಸಿ ನಂಬುತ್ತಾರೆ. ಪೂರ್ತಿ ಪ್ಯಾನ್ ಇದ್ದಿದ್ದರೂ ಅದು ಅಸಲಿ ಎಂಬುದಕ್ಕೆ ಪುರಾವೆಯಾಗುತ್ತಿರಲಿಲ್ಲ. ಚಿನ್ನದಂಗಡಿ, ಸಾಲದ ಏಜೆಂಟ್, ಲಾಡ್ಜು ಎಂದು ನಾವು ಪ್ಯಾನ್ ಜೆರಾಕ್ಸ್ ಕೊಡದ ಜಾಗ ಯಾವುದಿದೆ?

ರಿಫಂಡ್ ಬಾಕಿ ಇರುವುದೂ ಅವರಿಗೆ ಗೊತ್ತಿರಲಿಲ್ಲ. ರಿಟರ್ನ್ ಸಲ್ಲಿಸುವ ಗಡುವಿನ ಆಸುಪಾಸಿನಲ್ಲಿ ಒಂದೇ ಮೇಲ್ ಲಕ್ಷಗಟ್ಟಲೆ ಜನಕ್ಕೆ ಹೋಗುತ್ತದೆ. ಆ ಹೊತ್ತಿನಲ್ಲಿ ರಿಫಂಡ್ ಕಾಯುತ್ತಿರುವವರೂ ಲಕ್ಷಗಟ್ಟಲೆ ಇರುತ್ತಾರೆ. ಗಾಳ ಯಾವ ಮೀನಿಗೆಂದು ಹಾಕಿದ್ದಲ್ಲ. ಮೊತ್ತ ನೋಡಿ: ನೀವು ಕಾಯುತ್ತಿದ್ದದ್ದು 11 ಸಾವಿರ, ಅವರು ಬರೆದದ್ದು 18,460. ಲೆಕ್ಕ ತಪ್ಪಿರುವುದೇ ಸಂಶಯಕ್ಕೆ ಕಾರಣವಾಗಬೇಕಿತ್ತು. ಆದರೆ ಹೆಚ್ಚು ಬರುತ್ತಿದೆ ಎಂದಾಗ ಮನಸ್ಸು ಸಂಶಯಪಡುವುದು ಕಮ್ಮಿ, ಬಡ್ಡಿ ಸೇರಿಸಿರಬೇಕು ಎಂದು ತಾನೇ ಕಾರಣ ಹುಡುಕಿಕೊಳ್ಳುತ್ತದೆ.

ಬೀಗದ ಗುರುತಿನ ನಂಬಿಕೆಗೆ ಬರೋಣ. ಆ ಬೀಗ ಹೇಳುವುದು ನಿಮ್ಮ ಫೋನ್‌ಗೂ ಆ ತಾಣಕ್ಕೂ ನಡುವೆ ಹೋಗುವ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದಲಾರರು ಎಂದು, ಅಷ್ಟೇ. ಆ ತುದಿಯಲ್ಲಿ ಕೂತವರು ಯಾರು ಎಂದು ಅದು ಹೇಳುವುದಿಲ್ಲ. ಅದಕ್ಕೆ ಬೇಕಾದ ಪ್ರಮಾಣಪತ್ರ ಪುಕ್ಕಟೆಯಾಗಿ, ನಿಮಿಷಗಳಲ್ಲಿ ಕಳ್ಳನಿಗೂ ಸಿಗುತ್ತದೆ. ಜನ ತಪ್ಪಾಗಿ ನಂಬುತ್ತಾರೆಂಬ ಕಾರಣಕ್ಕೇ 2023ರಲ್ಲಿ ಗೂಗಲ್ ಕ್ರೋಮ್ ವಿಳಾಸಪಟ್ಟಿಯಿಂದ ಬೀಗದ ಚಿತ್ರ ತೆಗೆದು ಬೇರೆ ಗುರುತು ಹಾಕಿತು. 'ಕಾಗುಣಿತ ತಪ್ಪಿದ್ದರೆ ನಕಲಿ' ಎಂಬ ಹಳೆಯ ಸೂತ್ರವೂ ಈಗ ಕೆಲಸಕ್ಕೆ ಬಾರದು. ಎಐ ಬಂದ ಮೇಲೆ ಕಳ್ಳರ ಇಂಗ್ಲಿಷ್ ಮಾತ್ರವಲ್ಲ, ಕನ್ನಡವೂ ಸುಧಾರಿಸಿದೆ.

ನೋಡಬೇಕಾದದ್ದು ವಿಳಾಸ. ನೀವು ಕಳಿಸಿದ ಚಿತ್ರದಲ್ಲಿ ಅದು ಹೀಗಿದೆ: ಇನ್‌ಕಮ್‌ಟ್ಯಾಕ್ಸ್ ಡಾಟ್ ಜಿಒವಿ ಡಾಟ್ ಇನ್ ಡಾಟ್ ರಿಫಂಡ್‌ವೆರಿಫೈ ಡಾಟ್ ಟಾಪ್, ಆಮೇಲೆ ಒಂದು ಓರೆಗೆರೆ, ಮುಂದೆ ಉದ್ದನೆಯ ಬಾಲ. ಕಣ್ಣಿಗೆ ಮೊದಲು ಬೀಳುವುದು ಇಲಾಖೆಯ ಅಸಲಿ ವಿಳಾಸವೇ. ಆದರೆ ತಾಣದ ವಿಳಾಸವನ್ನು ಓದಬೇಕಾದದ್ದು ಕಾಗದದ ಮೇಲಿನ ಅಂಚೆ ವಿಳಾಸದಂತೆ: ಮನೆ ಹೆಸರು ಮೊದಲು, ಊರು ಕೊನೆಗೆ. ಮನೆಗೆ 'ವಿಧಾನಸೌಧ' ಎಂದು ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು, ಅದರಿಂದ ಊರು ಬದಲಾಗುವುದಿಲ್ಲ. ಆರಂಭದ ಎಚ್‌ಟಿಟಿಪಿಎಸ್ ಮತ್ತು ಅದರ ಜೋಡಿ ಓರೆಗೆರೆ ಬಿಟ್ಟು, ಅದಾದ ಮೇಲೆ ಬರುವ ಮೊದಲ ಓರೆಗೆರೆಯನ್ನು ಹುಡುಕಿ. ಅಲ್ಲಿಂದ ಎಡಕ್ಕೆ ಓದುತ್ತಾ ಹೋಗಿ. ಇಲ್ಲಿ ಸಿಗುವುದು 'ಟಾಪ್', ಅದರ ಹಿಂದೆ 'ರಿಫಂಡ್‌ವೆರಿಫೈ'. ಮಾಲೀಕ ಅವನೇ. ಅದಕ್ಕೂ ಎಡಕ್ಕಿರುವುದೆಲ್ಲ ಅವನು ಬರೆಸಿದ ಬೋರ್ಡು. ಜಿಒವಿ ಡಾಟ್ ಇನ್ ಎಂಬುದು ಆ ಓರೆಗೆರೆಗೆ ತಾಗಿಕೊಂಡಿದ್ದರೆ ಮಾತ್ರ ಅದು ಸರ್ಕಾರದ್ದು.

ಬ್ಯಾಂಕುಗಳ ವಿಷಯದಲ್ಲಿ ಈಗ ಇದು ಸುಲಭವಾಗಿದೆ. ದೇಶದ ಬ್ಯಾಂಕುಗಳು ತಮ್ಮ ತಾಣಗಳನ್ನು 2025ರ ಅಕ್ಟೋಬರ್ 31ರೊಳಗೆ 'ಬ್ಯಾಂಕ್ ಡಾಟ್ ಇನ್' ಎಂದು ಕೊನೆಯಾಗುವ ವಿಳಾಸಕ್ಕೆ ಸಾಗಿಸಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಆ ವಿಳಾಸ ಬ್ಯಾಂಕುಗಳಿಗೆ ಬಿಟ್ಟು ಬೇರೆಯವರಿಗೆ ಸಿಗುವುದಿಲ್ಲ. ಆದರೆ ಬ್ಯಾಂಕ್ ಮತ್ತು ಇನ್ ನಡುವೆ ಇರಬೇಕಾದದ್ದು ಚುಕ್ಕಿ. ಅಲ್ಲಿ ಅಡ್ಡಗೆರೆ ಇದ್ದರೆ ಬೇರೆಯೇ ಯಾರದೋ ವಿಳಾಸ. ಆರ್ ಮತ್ತು ಎನ್ ಅಕ್ಷರಗಳನ್ನು ಅಂಟಿಸಿಟ್ಟು ಎಂ ಎಂದು ಓದಿಸುವುದು ಇನ್ನೊಂದು ಚಾಲು. ಐದಿಂಚಿನ ಪರದೆಯಲ್ಲಿ, ಅರವತ್ತೆಂಟರ ಕಣ್ಣಿಗೆ, ಇದು ಕಂಡೀತೆಂದು ನಾನು ನಿರೀಕ್ಷಿಸುವುದಿಲ್ಲ.

ನಿಮ್ಮ ತಂದೆಯವರು ಮೋಸಹೋದ ನಿಜವಾದ ಜಾಗ ಬೇರೆ, ಅವರನ್ನು ಬೈಯುವ ಮುನ್ನ ಇದು ಗೊತ್ತಿರಲಿ. ರಿಟರ್ನ್ ಸಲ್ಲಿಸುವ ಇಲಾಖೆಯ ಅಸಲಿ ಇ-ಫೈಲಿಂಗ್ ತಾಣದಲ್ಲೂ ನೆಟ್‌ಬ್ಯಾಂಕಿಂಗ್ ಮೂಲಕ ಲಾಗಿನ್ ಆಗುವ ವ್ಯವಸ್ಥೆ ಇದೆ. ಅಲ್ಲೂ ಬ್ಯಾಂಕುಗಳ ಪಟ್ಟಿ ಬರುತ್ತದೆ. ಒಮ್ಮೆ ಅದನ್ನು ಬಳಸಿದವರಿಗೆ ನಕಲಿ ಪುಟದ ಪಟ್ಟಿ ಪರಿಚಿತವೆನಿಸುವುದು ಸಹಜ. ವ್ಯತ್ಯಾಸ ಇಷ್ಟೇ: ಅಸಲಿಯಲ್ಲಿ ಬ್ಯಾಂಕ್ ಆರಿಸಿದೊಡನೆ ವಿಳಾಸ ಬದಲಾಗಿ ನೀವು ಬ್ಯಾಂಕಿನ ಸ್ವಂತ ತಾಣದಲ್ಲಿರುತ್ತೀರಿ. ನಕಲಿಯಲ್ಲಿ ಯಾವ ಬ್ಯಾಂಕ್ ಒತ್ತಿದರೂ ಲೋಗೋ ಮಾತ್ರ ಬದಲಾಗುತ್ತದೆ, ವಿಳಾಸ ಅಲ್ಲೇ ಇರುತ್ತದೆ. ರಿಫಂಡ್‌ಗಾಗಿ ಬ್ಯಾಂಕ್ ಖಾತೆ ದೃಢೀಕರಿಸಲು ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಸಾಕು, ಅದೂ ಲಾಗಿನ್ ಆದ ಮೇಲೆ ನಿಮ್ಮ ಪ್ರೊಫೈಲ್‌ನೊಳಗೆ. ಅದಕ್ಕೆ ಬ್ಯಾಂಕ್ ಪಾಸ್‌ವರ್ಡ್ ಕೇಳುವ ಪ್ರಮೇಯವೇ ಇಲ್ಲ.

ಹಾಗೆಂದು 'ಇಲಾಖೆ ಇಮೇಲ್ ಕಳಿಸುವುದೇ ಇಲ್ಲ' ಎಂದು ತಂದೆಯವರಿಗೆ ಹೇಳಿಕೊಡಬೇಡಿ, ಅದು ಸುಳ್ಳು. ರಿಟರ್ನ್ ಪರಿಶೀಲನೆಯಾದ ಮೇಲೆ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಿಂದ 143(1) ಇಂಟಿಮೇಶನ್, ಅಂದರೆ ತೆರಿಗೆ ಲೆಕ್ಕದ ಫಲಿತಾಂಶ ತಿಳಿಸುವ ಪತ್ರ, ಇಮೇಲ್‌ನಲ್ಲೇ ಬರುತ್ತದೆ. ಅದೊಂದು ಪಿಡಿಎಫ್. ತೆರೆಯಲು ಪಾಸ್‌ವರ್ಡ್, ಸಣ್ಣಕ್ಷರದಲ್ಲಿ ಪ್ಯಾನ್ ಮತ್ತು ಅದಕ್ಕೆ ತಾಗಿಸಿ ಹುಟ್ಟಿದ ದಿನಾಂಕ. ಒಳಗೆ ಎರಡು ಅಂಕಣ: ನೀವು ಘೋಷಿಸಿದ್ದು, ಅವರು ಲೆಕ್ಕ ಹಾಕಿದ್ದು. ಖಾತೆ ದೃಢೀಕರಣವಾಗಿರದಿದ್ದರೆ ರಿಫಂಡ್ ನಿಜಕ್ಕೂ ವಿಫಲವಾಗುವುದುಂಟು, ಹಾಗಾಯಿತೆಂದು ಮೇಲ್ ಬರುವುದೂ ಉಂಟು. ಆಗಲೂ ಮಾಡಬೇಕಾದದ್ದು ತಾಣಕ್ಕೆ ಹೋಗಿ ಲಾಗಿನ್ ಆಗಿ 'ರಿಫಂಡ್ ರೀಇಶ್ಯೂ' ಕೋರಿಕೆ ಸಲ್ಲಿಸುವುದು. ನೋಟಿಸ್ ಎಂದು ಬಂದರೆ ಅದರ ಡಿಐಎನ್, ಅಂದರೆ ದಾಖಲೆಯ ಗುರುತು ಸಂಖ್ಯೆ, ನೋಡಿ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ಅದು ಕಡ್ಡಾಯ. ಇ-ಫೈಲಿಂಗ್ ಮುಖಪುಟದಲ್ಲೇ, ಲಾಗಿನ್ ಆಗದೆ, ಆ ಸಂಖ್ಯೆ ಮತ್ತು ಮೊಬೈಲ್ ನಂಬರ್ ಹಾಕಿ ನೋಟಿಸ್ ಅಸಲಿಯೇ ಎಂದು ನೋಡಬಹುದು.

ಹೀಗೆ ಅಸಲಿಯೂ ನಕಲಿಯೂ ಒಂದೇ ಮಾತು ಹೇಳುವಾಗ, ಮೇಲ್ ನೋಡಿ ತೀರ್ಮಾನಿಸುವ ಕಸರತ್ತೇ ದಂಡ ಎಂಬುದು ನನ್ನ ಖಚಿತ ಅಭಿಪ್ರಾಯ. ಕಳಿಸಿದವರ ಹೆಸರು ಯಾರು ಬೇಕಾದರೂ ಬರೆದುಕೊಳ್ಳುವಂಥದ್ದು. ಕಂಪ್ಯೂಟರಿನಲ್ಲಿ ಜಿಮೇಲ್‌ನ 'ಶೋ ಒರಿಜಿನಲ್' ತೆರೆದರೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ಪರೀಕ್ಷೆಗಳ ಫಲಿತಾಂಶ ಕಾಣುತ್ತದೆ. ಮೂರೂ 'ಪಾಸ್' ಆಗಿದ್ದರೆ ಅದರರ್ಥ ಮೇಲ್ ಹೇಳಿಕೊಂಡ ವಿಳಾಸದಿಂದಲೇ ಬಂದಿದೆ ಎಂದಷ್ಟೇ. ಕಳ್ಳನ ಸ್ವಂತ ವಿಳಾಸದಿಂದ ಬಂದದ್ದೂ ಪಾಸಾಗುತ್ತದೆ. ಆದ್ದರಿಂದ ತಂದೆಯವರಿಗೆ ಒಂದೇ ರೂಢಿ ಮಾಡಿಸಿ. ಮೇಲ್ ಸುದ್ದಿ ಹೇಳಲಿ, ದಾರಿ ತೋರಿಸುವುದು ಬೇಡ. ಇ-ಫೈಲಿಂಗ್ ತಾಣ ಮತ್ತು ಬ್ಯಾಂಕಿನ ತಾಣ, ಎರಡನ್ನೂ ನೀವೇ ಟೈಪ್ ಮಾಡಿ ಅವರ ಫೋನ್ ಪರದೆಯ ಮೇಲೆ ಶಾರ್ಟ್‌ಕಟ್ ಮಾಡಿಕೊಡಿ. ಯಾವ ಮೇಲ್ ಬಂದರೂ ಅಲ್ಲಿಂದಲೇ ಒಳಗೆ ಹೋಗಲಿ. ಸುದ್ದಿ ನಿಜವಾಗಿದ್ದರೆ ಅಲ್ಲೂ ಕಾಣುತ್ತದೆ.

ಫೋನ್ ಬದಲಿಸುವ ಅಗತ್ಯ ಇಲ್ಲ. ಬರೀ ಪುಟ ತೆರೆದು ಟೈಪ್ ಮಾಡಿದ್ದರಿಂದ ಫೋನ್ ಅವರ ಕೈಗೆ ಹೋಗುವುದಿಲ್ಲ. ಆದರೆ ಏನಾದರೂ ಡೌನ್‌ಲೋಡ್ ಆಗಿತ್ತೇ, 'ರಿಫಂಡ್ ಆ್ಯಪ್' ಎಂದು ಎಪಿಕೆ (ಪ್ಲೇಸ್ಟೋರ್ ಹೊರಗಿನಿಂದ ಆ್ಯಪ್ ಹಾಕುವ ಫೈಲ್) ಹಾಕಿಕೊಂಡಿದ್ದರೇ ಎಂದು ಕೇಳಿ. ಹೌದಾದರೆ ಅದು ಬೇರೆಯೇ ಕಥೆ. ಅಂಥ ಆ್ಯಪ್‌ಗಳು ಎಸ್‌ಎಂಎಸ್ ಓದುವ ಅನುಮತಿ ಪಡೆದು ಒಟಿಪಿಯನ್ನು ತಾವೇ ಸಾಗಿಸುತ್ತವೆ. ಕೂಡಲೇ ಏರೋಪ್ಲೇನ್ ಮೋಡ್ ಹಾಕಿ, ಬೇರೊಂದು ಫೋನ್‌ನಿಂದ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿ, ಫೋಟೊಗಳನ್ನು ಉಳಿಸಿಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿ. ಖಾತೆ ಮುಚ್ಚುವುದೂ ಅನಗತ್ಯ. ಪಿಂಚಣಿ ಖಾತೆ ಬದಲಿಸುವ ಓಡಾಟವೇ ಒಂದು ಶಿಕ್ಷೆ.

ನೆಟ್‌ಬ್ಯಾಂಕಿಂಗ್ ಬಿಡುವ ಮಾತು. ಬಿಡಬಹುದು, ತಪ್ಪೇನಿಲ್ಲ. ಆದರೆ ಅದರಿಂದ ಯುಪಿಐ, ಕಾರ್ಡ್ ಬಂದ್ ಆಗುವುದಿಲ್ಲ, ಮೋಸಗಾರರಿಗೆ ಆ ದಾರಿಗಳೂ ಗೊತ್ತು. ಎಷ್ಟೋ ಬ್ಯಾಂಕುಗಳಲ್ಲಿ ಕಾರ್ಡ್ ವಿವರ ಮತ್ತು ಒಟಿಪಿ ಇದ್ದರೆ ಬೇರೆಯವರೇ ಹೊಸದಾಗಿ ನೋಂದಾಯಿಸಿಬಿಡಬಹುದು. ನನಗೆ ಹೆಚ್ಚು ಒಪ್ಪುವ ದಾರಿ, ಪಿಂಚಣಿ ಮತ್ತು ಎಫ್‌ಡಿ ಇರುವ ಖಾತೆಗೆ 'ನೋಡಲು ಮಾತ್ರ' ಹಕ್ಕು ಇಟ್ಟು, ದಿನಬಳಕೆಗೆ ಹತ್ತು ಹದಿನೈದು ಸಾವಿರದ ಇನ್ನೊಂದು ಖಾತೆ ತೆರೆದು, ಯುಪಿಐ ಅದಕ್ಕೆ ಜೋಡಿಸುವುದು. ಈ 'ನೋಡಲು ಮಾತ್ರ' ಸೌಲಭ್ಯ ಎಲ್ಲ ಬ್ಯಾಂಕುಗಳಲ್ಲಿಲ್ಲ, ಬ್ರಾಂಚಿನಲ್ಲಿ ಕೇಳಿ. ವರ್ಗಾವಣೆ ಮಿತಿ ಇಳಿಸುವುದೂ ಒಳ್ಳೆಯದೇ, ಆದರೆ ಒಟಿಪಿ ಸಿಕ್ಕವನು ಅದನ್ನು ಮತ್ತೆ ಏರಿಸಬಲ್ಲ ಎಂಬುದು ನೆನಪಿರಲಿ. ತಂದೆಯವರ ಖಾತೆಗೆ ನಿಮ್ಮ ಮೊಬೈಲ್ ನಂಬರ್ ಹಾಕಿಸುವ ಯೋಚನೆ ಬಂದಿರಬಹುದು. ಬೇಡ. ಅವರ ಪ್ರತಿ ವಹಿವಾಟಿಗೂ ನಿಮ್ಮ ಫೋನ್ ಕಾಯಬೇಕಾಗುತ್ತದೆ, ಒಟಿಪಿಯನ್ನು ಇನ್ನೊಬ್ಬರಿಗೆ ಓದಿ ಹೇಳುವ ಅಭ್ಯಾಸ ಮನೆಯಲ್ಲೇ ಶುರುವಾಗುತ್ತದೆ.

ಪಾಸ್‌ವರ್ಡ್ ಮ್ಯಾನೇಜರ್ (ಪಾಸ್‌ವರ್ಡ್‌ಗಳನ್ನು ಉಳಿಸಿಟ್ಟು ತುಂಬಿಕೊಡುವ ಆ್ಯಪ್) ಬಗ್ಗೆ ಒಂದು ಮಾತು. ಅದರ ದೊಡ್ಡ ಲಾಭ ನೆನಪಿಡುವುದಲ್ಲ. ಪಾಸ್‌ವರ್ಡ್ ಉಳಿಸಿದ ವಿಳಾಸ ಅಕ್ಷರಶಃ ಹೊಂದಿದರೆ ಮಾತ್ರ ಅದು ತಾನಾಗಿ ತುಂಬುತ್ತದೆ. ನಕಲಿ ಪುಟದಲ್ಲಿ ಜಾಗ ಖಾಲಿ ಉಳಿಯುತ್ತದೆ. ಖಾಲಿ ಉಳಿದರೆ ಕೈಯಿಂದ ಟೈಪ್ ಮಾಡಬಾರದು ಎಂಬುದನ್ನು ತಂದೆಯವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ 'ಇದು ಕೆಟ್ಟಿದೆ' ಎಂದುಕೊಂಡು ತಾವೇ ಬರೆಯುತ್ತಾರೆ. ಇ-ಫೈಲಿಂಗ್ ಖಾತೆಗೆ 'ಇ-ಫೈಲಿಂಗ್ ವಾಲ್ಟ್' ಎಂಬ ಹೆಚ್ಚುವರಿ ಕಾವಲಿದೆ. ಅದನ್ನು ಹಾಕಿದರೆ ಪಾಸ್‌ವರ್ಡ್ ಒಂದರಿಂದಲೇ ಯಾರೂ ಒಳಬರಲಾರರು.

ಬ್ಯಾಂಕಿನ ಗಲಾಟೆಯಲ್ಲಿ ಇಮೇಲ್ ಖಾತೆಯನ್ನು ಮರೆಯಬೇಡಿ. ಎರಡಕ್ಕೂ ಒಂದೇ ಪಾಸ್‌ವರ್ಡ್ ಇಟ್ಟಿದ್ದರೆ ಅದನ್ನೂ ಇವತ್ತೇ ಬದಲಿಸಿ, ಎರಡು ಹಂತದ ಪರಿಶೀಲನೆ ಹಾಕಿ. ಆಮೇಲೆ ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಿಲ್ಟರ್ ಮತ್ತು ಫಾರ್ವರ್ಡಿಂಗ್ ನೋಡಿ. ಒಳನುಗ್ಗಿದವರು ಬ್ಯಾಂಕಿನಿಂದ ಬರುವ ಮೇಲ್ ಕಣ್ಣಿಗೆ ಬೀಳದಂತೆ ನೇರ ಕಸದಬುಟ್ಟಿಗೆ ಹೋಗುವ ಫಿಲ್ಟರ್ ಮಾಡಿಟ್ಟಿರುತ್ತಾರೆ. ಪಾಸ್‌ವರ್ಡ್ ಬದಲಿಸಿದರೂ ಆ ಫಿಲ್ಟರ್ ಹೋಗುವುದಿಲ್ಲ. ಪ್ಯಾನ್ ಮತ್ತು ಹುಟ್ಟಿದ ದಿನಾಂಕ ಅವರ ಕೈಯಲ್ಲಿ ಉಳಿದಿರುವುದರಿಂದ, ಎರಡು ಮೂರು ತಿಂಗಳು ಬಿಟ್ಟು ಕ್ರೆಡಿಟ್ ವರದಿ ತರಿಸಿ, ತಂದೆಯವರ ಹೆಸರಿನಲ್ಲಿ ಗುರುತಿಲ್ಲದ ಸಾಲ ಇದೆಯೇ ನೋಡಿ. ಈ ವರದಿ ತಯಾರಿಸುವ ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು.

ಆ ಮೇಲ್ ಅನ್ನು ಡಿಲೀಟ್ ಮಾಡಿಲ್ಲ ತಾನೆ? ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಮೂರು ಚುಕ್ಕಿಯ ಪಟ್ಟಿಯಲ್ಲಿ 'ಫಾರ್ವರ್ಡ್ ಆ್ಯಸ್ ಅಟ್ಯಾಚ್‌ಮೆಂಟ್' ಆರಿಸಿ. ಮಾಮೂಲಿನಂತೆ ಫಾರ್ವರ್ಡ್ ಮಾಡಿದರೆ ಅದು ಎಲ್ಲಿಂದ ಬಂತೆಂಬ ಒಳವಿವರ ಅಳಿಸಿಹೋಗುತ್ತದೆ. ಕಳಿಸಬೇಕಾದದ್ದು ಇಲಾಖೆಯ 'ವೆಬ್‌ಮ್ಯಾನೇಜರ್' ವಿಳಾಸಕ್ಕೆ, ಅಂದರೆ ಆ ಪದದ ಮುಂದೆ ಅಟ್ ಚಿಹ್ನೆ, ಆಮೇಲೆ ಇನ್‌ಕಮ್‌ಟ್ಯಾಕ್ಸ್ ಡಾಟ್ ಜಿಒವಿ ಡಾಟ್ ಇನ್. ಒಂದು ಪ್ರತಿ ಸಿಇಆರ್‌ಟಿ-ಇನ್ ಎಂಬ ಕೇಂದ್ರ ಸರ್ಕಾರದ ಸೈಬರ್ ಸುರಕ್ಷಾ ಸಂಸ್ಥೆಯ 'ಇನ್ಸಿಡೆಂಟ್' ವಿಳಾಸಕ್ಕೂ ಹೋಗಲಿ. ಕಳಿಸಿದ ಮೇಲೆ, ಬ್ಯಾಂಕಿನ ದೂರು ಇತ್ಯರ್ಥವಾಗುವವರೆಗೆ, ಮೂಲ ಮೇಲ್ ಹಾಗೇ ಇರಲಿ.